ಬರೀ ಅರಿಶಿನ

ನಮ್ಮನೆ ಕೆಂಚನಿಗೆ ಈಗ 12 ವರ್ಷ. ಜಾತಿನಾಯಿ ಅಲ್ಲ, ಆಫೀಸಿನ ಹಿಂದಿನ ಬೀದೀಲಿ ಮಳೆಗೆ ನೆನೀತಾ ಕೂತಿದ್ದ ಮರಿ. ಹೋದ ವರ್ಷ ಚಳಿಗಾಲದಲ್ಲಿ ಅವನಿಗೆ ಮೆಟ್ಟಿಲು ಹತ್ತೋಕೆ ಕಷ್ಟವಾಯ್ತು. ಡಾಕ್ಟರ್ ಎಕ್ಸ್‌ರೇ ತೆಗೆದು, ಸೊಂಟದ ಕೀಲು ಸವೆದಿದೆ ಅಂತ ನೋವಿನ ಮಾತ್ರೆ ಬರೆದುಕೊಟ್ಟರು. ನಾನು ಮಾತ್ರೆ ತಂದೆ. ಅದರ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡಿದೆ. ರಾತ್ರಿ ಮೊಬೈಲಿನಲ್ಲಿ ಯಾರೋ ತೋರಿಸಿಕೊಟ್ಟ ಹಾಗೆ ಅರಿಶಿನ, ನೀರು, ಕೊಬ್ಬರಿ ಎಣ್ಣೆ, ಮೆಣಸಿನ ಪುಡಿ ಹಾಕಿ ಕಾಯಿಸಿ, ಹಳದಿ ಮುದ್ದೆಯೊಂದನ್ನು ತಯಾರಿಸಿ ಡಬ್ಬಿಗೆ ತುಂಬಿಟ್ಟೆ. ದಿನಕ್ಕೆ ಎರಡು ಚಮಚ. ನಮ್ಮಜ್ಜಿ ಮದ್ದು ತಾನೆ, ಏನಾಗುತ್ತೆ?

ಒಂಬತ್ತನೇ ದಿನ ಕೆಂಚ ಊಟ ಬಿಟ್ಟ. ಮಾರನೇ ಬೆಳಗ್ಗೆ ಅವನ ಕಕ್ಕ ಡಾಂಬರಿನ ಹಾಗೆ ಕಪ್ಪಗಿತ್ತು. ಹೊಟ್ಟೆಯೊಳಗೆ ಎಲ್ಲೋ ರಕ್ತ ಒಸರುತ್ತಿದೆ ಅನ್ನೋದಕ್ಕೆ ಅದೇ ಗುರುತು.

"ಮಾತ್ರೆ ಬಿಟ್ಟು ಬೇರೆ ಏನು ಕೊಡ್ತಿದ್ದೀರಿ?" ಡಾಕ್ಟರ್ ಕೇಳಿದರು.

"ಏನಿಲ್ಲ ಡಾಕ್ಟ್ರೇ, ಬರೀ ಅರಿಶಿನ."

ಅವರು ಬರೆಯೋದು ನಿಲ್ಲಿಸಿ ತಲೆ ಎತ್ತಿದರು. "ಸಾರ್, ಅದು ಕೆಲಸ ಮಾಡುತ್ತೆ ಅಂತ ತಾನೆ ನೀವು ಕೊಟ್ಟಿದ್ದು? ಕೆಲಸ ಮಾಡೋದಾದ್ರೆ ಅದು ಔಷಧಿ. ಔಷಧಿಗೆ ಬರೀ ಅನ್ನೋದಿಲ್ಲ."

ಮಾತ್ರೆಯಿಂದ ಆಯ್ತೋ, ಮುದ್ದೆಯಿಂದ ಆಯ್ತೋ, ಎರಡೂ ಸೇರಿ ಆಯ್ತೋ ಅಂತ ಖಚಿತವಾಗಿ ಹೇಳೋಕೆ ಆಗಲ್ಲ ಅಂತಾನೂ ಅವರು ಅಂದರು. ಎರಡನ್ನೂ ನಿಲ್ಲಿಸಿ ಹೊಟ್ಟೆಗೆ ಔಷಧಿ ಕೊಟ್ಟರು. ವಾರದಲ್ಲಿ ಕೆಂಚ ಸುಧಾರಿಸಿಕೊಂಡ. ನನ್ನ ತಲೆಯಲ್ಲಿ ಮಾತ್ರ ಆ 'ಬರೀ' ಉಳಿದುಬಿಟ್ಟಿತು. ನಾನು ಗುಂಡ್ಲುಪೇಟೆ ಸೀಮೆಯವನು, ಅರಿಶಿನ ಬೆಳೆಯುವ ಮನೆಯಲ್ಲಿ ಹುಟ್ಟಿದವನು. ಆ 'ಬರೀ' ನನ್ನ ಬಾಯಿಗೆ ಎಲ್ಲಿಂದ ಬಂತು? ನಮ್ಮ ಹಿರಿಯರು ನಿಜಕ್ಕೂ ನಾಯಿಗೆ, ಬೆಕ್ಕಿಗೆ ಅರಿಶಿನ ತಿನ್ನಿಸುತ್ತಿದ್ದರಾ? ಹುಡುಕುತ್ತಾ ಹೋದೆ. ಸಿಕ್ಕಿದ್ದು ನಾನು ಅಂದುಕೊಂಡಿದ್ದ ಚರಿತ್ರೆ ಅಲ್ಲ.

ಹಸುವಿಗೆ ಪುಸ್ತಕ, ನಾಯಿಗೆ ಕಲ್ಲು

ಅರಿಶಿನ ಹಳೆಯದು ಅನ್ನೋದರಲ್ಲಿ ಅನುಮಾನ ಇಲ್ಲ. ಹರಿಯಾಣದ ಫರ್ಮಾನಾ ಅನ್ನುವ ಹರಪ್ಪ ಕಾಲದ ನೆಲೆಯಲ್ಲಿ ಅಡುಗೆ ಮಡಕೆಗಳ ಒಳಮೈಯಲ್ಲಿ, ಮನುಷ್ಯರ ಹಲ್ಲಿನ ಮೇಲೆ ಶುಂಠಿ ಮತ್ತು ಅರಿಶಿನದ ಪಿಷ್ಟದ ಕಣಗಳು ಸಿಕ್ಕಿವೆ. ಅಂದ್ರೆ 4,000 ವರ್ಷಕ್ಕೂ ಹಿಂದಿನ ಸಾರು ಅದು.

ಪ್ರಾಣಿ ವೈದ್ಯಕ್ಕೂ ನಮ್ಮಲ್ಲಿ ಹಳೇ ಹೆಸರುಗಳಿವೆ. ಕುದುರೆಗೆ ಶಾಲಿಹೋತ್ರ, ಆನೆಗೆ ಪಾಲಕಾಪ್ಯ. ಕನ್ನಡದಲ್ಲೇ 12ನೇ ಶತಮಾನದ ಹೊತ್ತಿಗೆ ಚಾಲುಕ್ಯ ರಾಜಕುಮಾರ ಕೀರ್ತಿವರ್ಮ 'ಗೋವೈದ್ಯ' ಬರೆದ. ಹೆಸರುಗಳನ್ನು ಒಮ್ಮೆ ಸಾಲಾಗಿ ನೋಡಿ: ಆನೆ, ಕುದುರೆ, ಹಸು. ಯುದ್ಧಕ್ಕೆ ಬೇಕಾದವು, ಉಳೋಕೆ ಬೇಕಾದವು. ಅವು ಸತ್ತರೆ ರಾಜ್ಯಕ್ಕೂ ಮನೆಗೂ ನಷ್ಟ, ಹಾಗಾಗಿ ಅವಕ್ಕೆ ಪುಸ್ತಕ ಬಂತು.

ನಾಯಿಗೆ ಪ್ರೀತಿ ಇರಲಿಲ್ಲ ಅಂತಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ನಿಮಗೆ ಗೊತ್ತಿರಬಹುದು. 10ನೇ ಶತಮಾನದ ನಡುವಿನದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಏನು ಬೇಕೋ ಕೇಳು ಅಂದಾಗ, ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಅನ್ನುವ ಬೇಟೆನಾಯಿಯನ್ನು ಕೇಳಿ ಪಡೆದ. ಆ ಕಾಳಿ ಮುಂದೆ ಕಾಡುಹಂದಿಯೊಂದರ ಜೊತೆ ಕಾದಾಡಿ, ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಗದ್ದೆ ಬಿಟ್ಟುಕೊಟ್ಟರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಬ್ಬನ್ ಪಾರ್ಕಿಗೆ ನಾಯಿ ಕರಕೊಂಡು ಹೋಗುವವರು ಹಾಗೇ ನಾಲ್ಕು ಹೆಜ್ಜೆ ಹೋಗಿ ನೋಡಿ ಬನ್ನಿ. 12ನೇ ಶತಮಾನದಲ್ಲಿ ಕಲ್ಯಾಣದ ಮೂರನೇ ಸೋಮೇಶ್ವರ 'ಮಾನಸೋಲ್ಲಾಸ'ದಲ್ಲಿ ಸಾರಮೇಯ ವಿನೋದ ಅಂತ ಒಂದು ಭಾಗವನ್ನೇ ನಾಯಿಗಳಿಗೆ ಮೀಸಲಿಟ್ಟ. ಆದರೆ ಅದರ ಹೆಸರೇ ಹೇಳುವ ಹಾಗೆ ಅದು ವಿನೋದ, ರಾಜನ ಆಟ. ಬೆಕ್ಕಿಗಂತೂ ಅಷ್ಟೂ ಇಲ್ಲ.

ಇನ್ನು ನಮ್ಮೂರಿನ ಮಾತು. ನಾನು ಕಂಡ ಹಾಗೆ ಅರಿಶಿನ ಅಂದರೆ ಮೇ-ಜೂನಿನಲ್ಲಿ ನೆಟ್ಟು, ಎಂಟೊಂಬತ್ತು ತಿಂಗಳು ಕಾದು, ಕಿತ್ತು, ದೊಡ್ಡ ಕೊಪ್ಪರಿಗೆಯಲ್ಲಿ ಬೇಯಿಸಿ, ಕಣದಲ್ಲಿ ಒಣಗಿಸಿ, ಲಾರಿಗೆ ತುಂಬಿ ಈರೋಡಿಗೆ ಕಳಿಸುವ ಬೆಳೆ. ಮನೆಗೆ ಉಳಿಯೋದು ಒಂದು ಡಬ್ಬ ಕೊಂಬು. ಎತ್ತಿಗೆ ಹೊಟ್ಟೆ ಉಬ್ಬರಿಸಿದರೆ ಬಿದಿರಿನ ಗೊಟ್ಟದಲ್ಲಿ ಮದ್ದು ಹಾಕುವಾಗ ಅರಿಶಿನವೂ ಒಳಗೆ ಹೋಗುತ್ತಿತ್ತು. ಆದರೆ ಎತ್ತು 300-400 ಕೆಜಿಯ ಪ್ರಾಣಿ, ಅದರ ಹೊಟ್ಟೆಯ ರಚನೆಯೇ ಬೇರೆ. ನಾಯಿಗೆ? ಹಂದಿ ಸೀಳಿದ ಗಾಯಕ್ಕೆ, ಹುಳ ಬಿದ್ದ ಕಿವಿಗೆ ಅಜ್ಜಿ ಅರಿಶಿನ ಅರೆದು ಎಣ್ಣೆಯಲ್ಲಿ ಕಲಸಿ ಮೆತ್ತುತ್ತಿದ್ದಳು. ಮೆತ್ತುತ್ತಿದ್ದಳು, ತಿನ್ನಿಸುತ್ತಿರಲಿಲ್ಲ. ಬೆಕ್ಕಂತೂ ಯಾರ ಕೈಗೂ ಸಿಗುತ್ತಿರಲಿಲ್ಲ.

ಮೈಗೆ ಹಚ್ಚುವ ಆ ದಾರಿ ಈಗಲೂ ಬದುಕಿದೆ, ಲೆಕ್ಕದ ಜೊತೆಗೆ. ಹಸುವಿನ ಕೆಚ್ಚಲು ಬಾವಿಗೆ ಲೋಳೆಸರ 250 ಗ್ರಾಂ, ಅರಿಶಿನ 50 ಗ್ರಾಂ, ಸುಣ್ಣ 15 ಗ್ರಾಂ ಅರೆದು ಹಚ್ಚುವ ವಿಧಾನವನ್ನು ರಾಷ್ಟ್ರೀಯ ಹೈನುಗಾರಿಕೆ ಅಭಿವೃದ್ಧಿ ಮಂಡಳಿಯೇ ರೈತರಿಗೆ ಹೇಳಿಕೊಡುತ್ತದೆ. ಅದೂ ಹಸುವಿಗೆ, ಅದೂ ಹೊರಗೆ.

ಪ್ರಯೋಗಾಲಯಕ್ಕೆ ಹೋದ ಹಳದಿ

ಹಾಗಾದರೆ ನುಂಗಿಸುವ ಕಥೆ ಎಲ್ಲಿ ಶುರುವಾಯ್ತು? 1815ರಲ್ಲಿ ವೋಗೆಲ್ ಮತ್ತು ಪೆಲ್ಟಿಯೆ ಅನ್ನುವವರು ಅರಿಶಿನದ ಹಳದಿ ಬಣ್ಣವನ್ನು ಬೇರ್ಪಡಿಸಿ ಅದಕ್ಕೆ ಕರ್ಕ್ಯುಮಿನ್ ಅಂತ ಹೆಸರಿಟ್ಟರು. ಅದರ ರಾಸಾಯನಿಕ ರಚನೆ ತಿಳಿಯೋಕೆ 1910ರವರೆಗೆ ಕಾಯಬೇಕಾಯ್ತು. 1949ರಲ್ಲಿ ಅದು ಬ್ಯಾಕ್ಟೀರಿಯಾಗಳ ಬೆಳವಣಿಗೆ ತಡೆಯುತ್ತೆ ಅನ್ನುವ ವರದಿ 'ನೇಚರ್' ಪತ್ರಿಕೆಯಲ್ಲಿ ಬಂತು. 1970ರಲ್ಲಿ ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಇಲಿಗಳಿಗೆ ಕರ್ಕ್ಯುಮಿನ್ ತಿನ್ನಿಸಿ, ರಕ್ತದ ಮತ್ತು ಲಿವರಿನ ಕೊಲೆಸ್ಟರಾಲ್ ಮೇಲೆ ಅದರ ಪರಿಣಾಮ ಅಳೆದರು. ಅಲ್ಲಿಂದ ಮುಂದೆ ಕರ್ಕ್ಯುಮಿನ್ ಸ್ಟಾರ್ ಆಗುತ್ತಾ ಹೋಯಿತು.

ಒಂದು ತೊಡಕು ಮಾತ್ರ ಹಾಗೇ ಇತ್ತು. 1978ರಲ್ಲಿ ಸ್ವೀಡನ್ನಿನ ಸಂಶೋಧಕರು ಇಲಿಗಳಿಗೆ ಕೊಟ್ಟ ಕರ್ಕ್ಯುಮಿನ್‌ನಲ್ಲಿ ಸುಮಾರು 75% ಮಲದಲ್ಲೇ ಹೊರಗೆ ಹೋಗಿದ್ದನ್ನು ಕಂಡರು. ರಕ್ತಕ್ಕೆ ಸೇರಿದ್ದು ಅತ್ಯಲ್ಪ. ಒಳಗೆ ಹೋದದ್ದನ್ನೂ ಕರುಳು ಮತ್ತು ಲಿವರು ಬೇಗ ಬೇಗ ಒಂದು ಸಕ್ಕರೆ ಆಮ್ಲಕ್ಕೆ ಅಂಟಿಸಿ, 'ಹೊರಗೆ ಕಳಿಸಬೇಕಾದ ಸಾಮಾನು' ಅಂತ ಚೀಟಿ ಹಚ್ಚಿ ಕಳಿಸಿಬಿಡುತ್ತವೆ. ಈ ಚೀಟಿ ಹಚ್ಚುವ ಕೆಲಸದ ಹೆಸರು ಗ್ಲುಕ್ಯುರಾನಿಡೇಶನ್. ಹೆಸರು ನೆನಪಿರದಿದ್ದರೂ ಪರವಾಗಿಲ್ಲ, ಚೀಟಿ ನೆನಪಿರಲಿ, ಬೆಕ್ಕಿನ ವಿಷಯಕ್ಕೆ ಮತ್ತೆ ಬೇಕಾಗುತ್ತೆ.

ಈ ನಡುವೆ 1995ರಲ್ಲಿ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದ ಇಬ್ಬರಿಗೆ ಗಾಯ ಮಾಯಿಸಲು ಅರಿಶಿನ ಬಳಸುವುದರ ಮೇಲೆ ಅಮೆರಿಕ ಪೇಟೆಂಟ್ ಕೊಟ್ಟಿತು. ನಮ್ಮ ಸಿಎಸ್‌ಐಆರ್, ಆಗ ಮಾಶೆಲ್ಕರ್ ಅದರ ಮುಖ್ಯಸ್ಥರು, ಹಳೆಯ ಗ್ರಂಥಗಳು ಮತ್ತು 1953ರ ಭಾರತೀಯ ವೈದ್ಯಕೀಯ ಪತ್ರಿಕೆಯೊಂದರ ಲೇಖನವನ್ನು ಮುಂದಿಟ್ಟು ವಾದಿಸಿ, 1997ರಲ್ಲಿ ಅದನ್ನು ರದ್ದು ಮಾಡಿಸಿತು. ನಾನಾಗ ಪ್ರೈಮರಿ ಶಾಲೆಯಲ್ಲಿದ್ದೆ. ಮೇಷ್ಟ್ರು ಪೇಪರ್ ಓದಿ ಹೇಳಿದಾಗ ನಾವೇ ಗೆದ್ದಷ್ಟು ಖುಷಿಪಟ್ಟಿದ್ದೆವು, ನಮ್ಮ ಹೊಲದ ಬೆಳೆ ತಾನೆ! 'ಅರಿಶಿನದ ವಿಷಯದಲ್ಲಿ ನಮ್ಮಜ್ಜಿಗೆ ಎಲ್ಲಾ ಗೊತ್ತಿತ್ತು' ಅನ್ನುವ ನನ್ನ ಭಂಡ ಧೈರ್ಯ ಅಲ್ಲೇ ಚಿಗುರಿದ್ದಿರಬೇಕು. ಆದರೆ ಆ ಗೆಲುವು ಗಾಯದ ಅರಿಶಿನದ್ದು. ಕೀಲುನೋವಿನ ನಾಯಿಗೆ ದಿನಾ ನುಂಗಿಸುವುದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಕೋರಮಂಗಲದ ಮೆಣಸು

ನನ್ನ ಡಬ್ಬಿಯಲ್ಲಿದ್ದ ಮೆಣಸಿನ ಬೇರು ಸಿಕ್ಕಿದ್ದು ನನ್ನ ಆಫೀಸಿನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಔಷಧಶಾಸ್ತ್ರ ವಿಭಾಗದಿಂದ ಒಂದು ಪ್ರಬಂಧ ಹೊರಬಂತು. ಮನುಷ್ಯರಿಗೆ 2 ಗ್ರಾಂ ಕರ್ಕ್ಯುಮಿನ್ ಜೊತೆಗೆ ಮೆಣಸಿನ ಸಾರವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ, ರಕ್ತಕ್ಕೆ ಸೇರುವ ಕರ್ಕ್ಯುಮಿನ್ ಪ್ರಮಾಣ 2,000% ಹೆಚ್ಚಾಯಿತು. ಈ ಸಂಖ್ಯೆ ಇಡೀ ಜಗತ್ತು ಸುತ್ತಿತು. ಇವತ್ತು ನೀವು ಕೊಳ್ಳುವ ಅರಿಶಿನದ ಕ್ಯಾಪ್ಸೂಲುಗಳಲ್ಲಿ ಮೆಣಸಿನ ಸಾರ ಇರುವುದಕ್ಕೂ, ಕೆಫೆಯ ಅರಿಶಿನದ ಹಾಲಿಗೆ ಮೆಣಸು ಉದುರಿಸುವುದಕ್ಕೂ ಹಿಂದೆ ಈ ಪ್ರಬಂಧದ ನೆರಳಿದೆ. ಮುಂದೆ ಆಸ್ಟ್ರೇಲಿಯಾದ ಪಶುವೈದ್ಯರೊಬ್ಬರಿಂದ ಜನಪ್ರಿಯವಾದ ಗೋಲ್ಡನ್ ಪೇಸ್ಟಿನಲ್ಲೂ ಅದೇ ಮೆಣಸು. ನಾನು ಅಜ್ಜಿ ಮದ್ದು ಅಂತ ಕೆಂಚನಿಗೆ ತಿನ್ನಿಸಿದ್ದು ಇದನ್ನೇ. ಅದರ ವಯಸ್ಸು ನನಗಿಂತ ಕಮ್ಮಿ!

ಅದೇ ಪ್ರಬಂಧದಲ್ಲಿ ಇನ್ನೊಂದು ಸಂಖ್ಯೆಯೂ ಇದೆ, ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಇಲಿಗಳಲ್ಲಿ ಹೆಚ್ಚಳ ಆದದ್ದು 154% ಮಾತ್ರ. ಒಂದೇ ಪದಾರ್ಥ, ಎರಡು ಪ್ರಾಣಿ, ಇಷ್ಟು ಅಂತರ. ನಾಯಿ, ಬೆಕ್ಕು ಆ ಪರೀಕ್ಷೆಯಲ್ಲಿ ಇರಲೇ ಇಲ್ಲ.

ಮೆಣಸು ಇದನ್ನು ಹೇಗೆ ಮಾಡುತ್ತೆ? ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ನಿಮ್ಮ ಒಂದು ಮೇಲ್ ಸ್ಪ್ಯಾಮಿಗೆ ಹೋಗ್ತಿದೆ ಅಂತ ಇಡೀ ಸ್ಪ್ಯಾಮ್ ಫಿಲ್ಟರನ್ನೇ ಆಫ್ ಮಾಡಿದ ಹಾಗೆ. ಪೈಪರಿನ್ ಕರುಳು ಮತ್ತು ಲಿವರಿನ ಆ ಚೀಟಿ ಹಚ್ಚುವ ಕೆಲಸವನ್ನು ನಿಧಾನ ಮಾಡುತ್ತೆ. ಆಗ ಕರ್ಕ್ಯುಮಿನ್ ಒಂದೇ ಅಲ್ಲ, ಬೇರೆ ಕೆಲವು ಔಷಧಿಗಳೂ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತವೆ. ಮನುಷ್ಯರಲ್ಲಿ ಫಿಟ್ಸಿನ ಮಾತ್ರೆ ಫೆನಿಟಾಯಿನ್ ವಿಷಯದಲ್ಲಿ ಇದು ಕಂಡುಬಂದಿದೆ. ದಿನಾ ಮಾತ್ರೆ ತಗೊಳ್ಳುವ ಮುದಿ ನಾಯಿಗೆ ಮೆಣಸು ಬೆರೆಸಿದ ಮುದ್ದೆ ಕೊಡೋದು ಅಂದರೆ, ಡಾಕ್ಟರ್ ಹಾಕಿದ ಡೋಸಿನ ಲೆಕ್ಕವನ್ನು ಅವರಿಗೆ ಹೇಳದೆ ತಿದ್ದಿದ ಹಾಗೆ.

ಅಳತೆಗೆ ಸಿಕ್ಕಿದ್ದೆಷ್ಟು?

ಸರಿ, ನಾಯಿಗಳ ಮೇಲೆ ಯಾರೂ ಪರೀಕ್ಷೆ ಮಾಡಿಲ್ವಾ? ಮಾಡಿದ್ದಾರೆ. 2003ರಲ್ಲಿ ಇಂಗ್ಲೆಂಡಿನಲ್ಲಿ ಮೊಣಕೈ ಅಥವಾ ಸೊಂಟದ ಕೀಲು ಸವೆದ 61 ಸಾಕುನಾಯಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಅರಿಶಿನ ಜಾತಿಯ ಸಾರ, ಇನ್ನೊಂದಕ್ಕೆ ಏನೂ ಇಲ್ಲದ ಗುಳಿಗೆ ಕೊಟ್ಟರು. ಯಾವ ನಾಯಿಗೆ ಯಾವುದು ಅಂತ ಯಜಮಾನರಿಗೂ ಗೊತ್ತಿಲ್ಲ, ನೋಡುವವರಿಗೂ ಗೊತ್ತಿಲ್ಲ. ಆಮೇಲೆ ನಾಯಿಗಳನ್ನು ಒತ್ತಡ ಅಳೆಯುವ ಹಲಗೆ ಮೇಲೆ ನಡೆಸಿದರು. ನೋವಿರುವ ಕಾಲನ್ನು ನಾಯಿ ಪೂರ್ತಿ ಊರೋದಿಲ್ಲವಲ್ಲ, ಆ ವ್ಯತ್ಯಾಸ ಹಲಗೆಗೆ ತಿಳಿಯುತ್ತೆ. ಹಲಗೆಯಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಪರೀಕ್ಷಿಸಿದ ವೈದ್ಯರ ಒಟ್ಟು ಅಭಿಪ್ರಾಯ ಮಾತ್ರ ಅರಿಶಿನದ ಕಡೆಗಿತ್ತು. ಪೂರ್ತಿ ಸುಳ್ಳು ಅನ್ನುವ ಹಾಗೂ ಇಲ್ಲ, ನಂಬಿ ಕೂರುವ ಹಾಗೂ ಇಲ್ಲ. 2017ರಲ್ಲಿ ಔಷಧ ರಸಾಯನಶಾಸ್ತ್ರದ ತಂಡವೊಂದು ಮನುಷ್ಯರ ಮೇಲಿನ ಪರೀಕ್ಷೆಗಳನ್ನೆಲ್ಲ ಜಾಲಾಡಿ, ಕಟ್ಟುನಿಟ್ಟಾಗಿ ನಡೆದ ಯಾವುದರಲ್ಲೂ ಕರ್ಕ್ಯುಮಿನ್ ಗೆದ್ದಿಲ್ಲ ಅಂತ ಬರೆಯಿತು.

ಬೆಕ್ಕಿನ ಕಥೆ ಇನ್ನೂ ಸೂಕ್ಷ್ಮ. ಚೀಟಿ ಹಚ್ಚುವ ಕಿಣ್ವಗಳು ಹಲವಾರಿವೆ. ಅದರಲ್ಲಿ ಒಂದರ ಜೀನು ಬೆಕ್ಕಿನಲ್ಲಿ ಕೆಟ್ಟು ಕೂತಿದೆ ಅಂತ 2000ದಲ್ಲಿ ಗೊತ್ತಾಯ್ತು. ಲಕ್ಷಾಂತರ ವರ್ಷ ಬರೀ ಮಾಂಸ ತಿಂದು ಬದುಕಿದ ಪ್ರಾಣಿಗೆ ಗಿಡದ ವಿಷ ಕಳೆದುಕೊಳ್ಳುವ ಆ ಯಂತ್ರ ಬೇಕಾಗಲಿಲ್ಲವೇನೋ. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಒಂದು ಮಾತ್ರೆ ಬೆಕ್ಕಿನ ಜೀವ ತೆಗೆಯಬಹುದು ಅನ್ನೋದಕ್ಕೆ ಇದು ದೊಡ್ಡ ಕಾರಣ. ಕರ್ಕ್ಯುಮಿನ್ ವಿಲೇವಾರಿಗೆ ಇದೇ ಕಿಣ್ವ ಬೇಕು ಅಂತಲ್ಲ. ಆದರೆ ಮೊದಲೇ ಚೀಟಿಯ ಕೆಲಸ ಅರ್ಧ ನಿಂತಿರುವ ದೇಹಕ್ಕೆ, ಆ ಕೆಲಸವನ್ನೇ ನಿಧಾನ ಮಾಡುವ ಮೆಣಸನ್ನು ಸೇರಿಸಿ ಕೊಡೋದು ಯಾವ ನ್ಯಾಯ?

ಕೊನೆಗೆ ಪುಡಿಯದೇ ಚರಿತ್ರೆ. ಬಾಂಗ್ಲಾದೇಶದಲ್ಲಿ 1980ರ ದಶಕದ ಒಂದು ದೊಡ್ಡ ನೆರೆಯಲ್ಲಿ ಅರಿಶಿನ ನೆನೆದು ಬಣ್ಣ ಮಾಸಿದಾಗ, ಕೊಂಬಿಗೆ ಹೊಳಪು ಬರಲಿ ಅಂತ ಸೀಸದ ಕ್ರೋಮೇಟ್ ಬಳಿಯುವ ಚಾಳಿ ಶುರುವಾಯ್ತು. 2019ರಲ್ಲಿ ಅಲ್ಲಿನ ಮಾರುಕಟ್ಟೆಯ ಮಾದರಿಗಳಲ್ಲಿ 47%ರಲ್ಲಿ ಸೀಸ ಸಿಕ್ಕಿತು. ಸರ್ಕಾರ ದಾಳಿ, ದಂಡ, ಪ್ರಚಾರ ಎಲ್ಲ ಮಾಡಿದ ಮೇಲೆ 2021ಕ್ಕೆ ಅದು ಸೊನ್ನೆಗೆ ಬಂತು. ಅಂದ್ರೆ ಮನಸ್ಸು ಮಾಡಿದರೆ ನಿಲ್ಲಿಸಬಹುದು. ಆದರೆ ಎಲ್ಲಿಂದಲೋ ಬಂದ ಕಣ್ಣು ಕುಕ್ಕುವ ಹಳದಿ ಪುಡಿಯನ್ನು ನಂಬೋ ಮುಂಚೆ ಯೋಚಿಸಬೇಕು. 60 ಕೆಜಿಯ ಮನುಷ್ಯನಿಗೆ ಸಾರಿನಲ್ಲಿ ಚಿಟಿಕೆ ಬೀಳುವುದು ಒಂದು ಲೆಕ್ಕ, 4 ಕೆಜಿಯ ಬೆಕ್ಕಿಗೆ ದಿನಾ ಚಮಚ ಹಾಕುವುದು ಇನ್ನೊಂದು ಲೆಕ್ಕ.

ಹಾಗಾದ್ರೆ ಕೊಡಲೇಬಾರದಾ?

ಡಾಕ್ಟರನ್ನು ಕೇಳಿ, ಓದಿ, ತಪ್ಪು ಮಾಡಿ ನಾನು ಕಲಿತದ್ದು ಇಷ್ಟು.

ನಾಯಿ ನೋವಿನ ಮಾತ್ರೆ, ಸ್ಟೀರಾಯ್ಡ್, ರಕ್ತ ತೆಳುವಾಗಿಸುವ ಔಷಧಿ, ಸಕ್ಕರೆ ಕಾಯಿಲೆ ಅಥವಾ ಫಿಟ್ಸಿನ ಔಷಧಿ ತಗೋತಿದ್ರೆ, ಡಾಕ್ಟರ್ ಒಪ್ಪದೆ ಅರಿಶಿನ ಬೇಡ. ಆಪರೇಷನ್ ಹತ್ತಿರ ಇದ್ದರೆ ನಿಲ್ಲಿಸಿ. ಪಿತ್ತಕೋಶದ ತೊಂದರೆ ಇದ್ದರೆ ಬೇಡ. ಅರಿಶಿನದಲ್ಲಿ ಆಕ್ಸಲೇಟ್ ಜಾಸ್ತಿ, ಹಾಗಾಗಿ ಆ ಜಾತಿಯ ಮೂತ್ರದ ಕಲ್ಲು ಆಗಿದ್ದ ಪ್ರಾಣಿಗೂ ಬೇಡ. ರಕ್ತಹೀನತೆ ಇದ್ದರೂ, ಗಬ್ಬವಾಗಿದ್ದರೂ ಬೇಡ.

ಇದ್ಯಾವುದೂ ಇಲ್ಲದ ಆರೋಗ್ಯವಂತ ನಾಯಿಗೆ, ಡಾಕ್ಟರ್ ಸರಿ ಅಂದರೆ, ಚಿಟಿಕೆಯಿಂದ ಶುರು ಮಾಡಿ. 10 ಕೆಜಿ ತೂಕಕ್ಕೆ ದಿನಕ್ಕೆ ಕಾಲು ಟೀ ಚಮಚ ಮೀರಬೇಡಿ. ಊಟದ ಜೊತೆ ಕಲಸಿ, ಖಾಲಿ ಹೊಟ್ಟೆಗೆ ಬೇಡ. ಎಣ್ಣೆ ನಾಲ್ಕು ಹನಿ ಸಾಕು, ಜಾಸ್ತಿ ಆದರೆ ಭೇದಿ. ಮೆಣಸು ಬೇಡವೇ ಬೇಡ. ವಾಂತಿ, ಭೇದಿ, ಕಪ್ಪು ಮಲ ಕಂಡರೆ ಅವತ್ತೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಒಂದು ತಿಂಗಳಾದರೂ ನಡಿಗೆಯಲ್ಲಿ ವ್ಯತ್ಯಾಸ ಕಾಣದಿದ್ದರೆ ಸುಮ್ಮನೆ ಬಿಟ್ಟುಬಿಡಿ.

ಮನುಷ್ಯರ ಕ್ಯಾಪ್ಸೂಲ್ ಕೊಡಬೇಡಿ. ಮನೆ ಅರಿಶಿನದಲ್ಲಿ ಕರ್ಕ್ಯುಮಿನ್ ಇರೋದು ಸುಮಾರು 3%. 500 ಮಿಲಿಗ್ರಾಂನ 95% ಕ್ಯಾಪ್ಸೂಲ್ ಒಂದರಲ್ಲಿ ಇರೋದು ಐದು ಚಮಚ ಪುಡಿಯಷ್ಟು. ಅರಿಶಿನ ಬಿದ್ದಿದೆ ಅಂತ ಸಾಂಬಾರಿನ ಅನ್ನ ಹಾಕಬೇಡಿ, ಅದರಲ್ಲಿನ ಈರುಳ್ಳಿ, ಬೆಳ್ಳುಳ್ಳಿ ನಾಯಿ-ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ. ಪುಡಿಗಿಂತ ಕೊಂಬು ತಂದು ಮಿಲ್ಲಿನಲ್ಲಿ ಬೀಸಿಸುವುದು ವಾಸಿ, ಅದರಲ್ಲೂ ಹೊಳೆಯುವ ಕೊಂಬು ಬೇಡ.

ಬೆಕ್ಕಿಗೆ? ಡಾಕ್ಟರ್ ಬರೆದುಕೊಡದಿದ್ದರೆ ಒಳಗೂ ಬೇಡ, ಹೊರಗೂ ಬೇಡ. ಬೆಕ್ಕಿನ ಮೈಗೆ ಹಚ್ಚಿದ್ದೆಲ್ಲ ಕೊನೆಗೆ ಬೆಕ್ಕಿನ ಹೊಟ್ಟೆಗೇ ಹೋಗೋದು.

ಇದೆಲ್ಲ ಆದಮೇಲೆ ಅಜ್ಜಿಗೆ ಫೋನ್ ಮಾಡಿದ್ದೆ. ನಡೆದದ್ದನ್ನೆಲ್ಲ ಕೇಳಿಸಿಕೊಂಡು, "ಅಯ್ಯೋ ಮಗ, ಗಾಯಕ್ಕೆ ಹಚ್ಚು ಅಂದಿದ್ದೆ ಕನ. ಹೊಟ್ಟೆಗೆ ಹಾಕು ಅಂತ ಯಾವತ್ತು ಅಂದೆ? ಅದ್ಯಾರ ಮಾತು ಕೇಳಿ ನನ್ನ ಹೆಸ್ರು ಹೇಳ್ತಿದ್ದೀಯೆ?" ಅಂದಳು. ಉತ್ತರ ಕೊಡೋಕೆ ನನ್ನ ಹತ್ರ ಏನೂ ಇರಲಿಲ್ಲ.

ಕೆಂಚ ಈಗ ಎರಡು ಕೆಜಿ ಇಳಿದಿದ್ದಾನೆ. ಜಾರುವ ಟೈಲ್ಸ್ ಮೇಲೆ ಚಾಪೆ ಹಾಸಿದ್ದೇವೆ, ಮೆಟ್ಟಿಲಿಗೆ ಬದಲು ಲಿಫ್ಟು. ಬೇರೆ ಮಾತ್ರೆ ಕಡಿಮೆ ಡೋಸಿನಲ್ಲಿ ಇದೆ, ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಅರಿಶಿನ ಇಲ್ಲ. ಕ್ಲಿನಿಕ್ಕಿನ ಫಾರಂನಲ್ಲಿ 'ಬೇರೆ ಏನಾದರೂ ಕೊಡುತ್ತಿದ್ದೀರಾ?' ಅಂತ ಒಂದು ಸಾಲು ಇರುತ್ತೆ. ಮೊದಲೆಲ್ಲ ಅಲ್ಲಿ ಗೆರೆ ಎಳೆದುಬಿಡ್ತಿದ್ದೆ. ಈಗ ಬೆಲ್ಲದ ಚೂರು, ಮೊಸರು, ಭಾನುವಾರದ ಮೊಟ್ಟೆ, ಎಲ್ಲ ಬರೀತೀನಿ. ಜಾಗ ಸಾಲದೆ ಫಾರಂ ಹಿಂದುಗಡೆಗೂ ಹೋಗುತ್ತೆ.